ಮಗು ಕೇಳದೆ ಶುರುವಾಗದ ಹಬ್ಬ

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರಹಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ಸಂಜೆ ನಿಮಗೆ ತೋರಿಸಲು ನನ್ನ ಬಳಿ ಒಂದು ಫೋಟೊ ಕೂಡ ಇಲ್ಲ. ಹಬ್ಬದ ದಿನ ಆ ಸಭಾಂಗಣದಲ್ಲಿ ಫೋಟೊ ತೆಗೆಯುವ ಹಾಗಿರಲಿಲ್ಲ. ಬರೆದುಕೊಳ್ಳುವ ಹಾಗೂ ಇರಲಿಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಕೈ ಅಭ್ಯಾಸಬಲದಿಂದ ಚೀಲದೊಳಗಿನ ಪೆನ್ನು ತೆಗೆದಿತ್ತು. ಮಗಳು ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದು, "ಅಮ್ಮಾ, ಇವತ್ತು ಬರೆಯುವುದು ಕೂಡ ಕೆಲಸ" ಎಂದಳು. ಹಾಗಾಗಿ ನಾನು ಹೇಳುವುದೆಲ್ಲ ನೆನಪಿನಲ್ಲಿ ಉಳಿದದ್ದು, ಮತ್ತು ತಲೆಯಲ್ಲಿ ಹುಳ ಹೊಕ್ಕ ಮೇಲೆ ಊರಿಗೆ ಬಂದು ಓದಿ ತಿಳಿದುಕೊಂಡದ್ದು.

ದಿನ 2024ರ ಏಪ್ರಿಲ್ 23, ಮಂಗಳವಾರ. ನಮ್ಮ ಪಂಚಾಂಗದಲ್ಲಿ ದವನದ ಹುಣ್ಣಿಮೆ. ಊರು, ಅಮೆರಿಕದ ಫಿಲಡೆಲ್ಫಿಯಾ ನಗರದ ಹೊರವಲಯ. ನಮ್ಮಂಥ ಎಷ್ಟೋ ಜನರ ಹಾಗೆ ನಾನೂ ನಮ್ಮ ಮನೆಯವರೂ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋಗಿದ್ದೆವು. ಐದು ವರ್ಷದ ಮೊಮ್ಮಗಳು ಹೋಗುವ ಶಿಶುವಿಹಾರವನ್ನು ನಡೆಸುವುದು ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಅಲ್ಲಿನ ಎಷ್ಟೋ ಭಾರತೀಯರ ಮಕ್ಕಳು ಇಂಥ ಶಾಲೆಗಳಿಗೆ ಹೋಗುತ್ತಾರೆ. ಹತ್ತಿರ ಇರುತ್ತದೆ, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅಷ್ಟೇ ಕಾರಣ. ಅಲ್ಲಿಂದ ಹಬ್ಬಕ್ಕೆ ಎರಡು ವಾರ ಮೊದಲು ಒಂದು ಪತ್ರ ಬಂತು. ಪೆಸಾಖ್ ಹಬ್ಬದ ದಿನಗಳಲ್ಲಿ ಶಾಲೆಗೆ ಬಂದಾಗ ಮಕ್ಕಳ ಊಟದ ಡಬ್ಬಿಯಲ್ಲಿ ಬ್ರೆಡ್, ಬಿಸ್ಕತ್ತು, ಕೇಕ್, ಪಾಸ್ತಾ ಯಾವುದೂ ಇರಬಾರದು. ಎರಡನೆಯ ರಾತ್ರಿ ಸಿನಗಾಗ್‌ನ ಸಭಾಂಗಣದಲ್ಲಿ ಎಲ್ಲರೂ ಕೂಡಿ ಮಾಡುವ ಸೇದೆರ್ ಎಂಬ ಹಬ್ಬದ ಊಟಕ್ಕೆ ಶಾಲೆಯ ಮಕ್ಕಳ ಮನೆಯವರಿಗೂ ಆಹ್ವಾನವಿದೆ.

ಪೆಸಾಖ್ ಅಂದರೆ ಕನ್ನಡ ಬೈಬಲ್ಲಿನಲ್ಲಿ ಪಸ್ಕ ಎಂದು ಬರುವ ಹಬ್ಬ. ಐಗುಪ್ತದಲ್ಲಿ, ಅಂದರೆ ಇವತ್ತಿನ ಈಜಿಪ್ಟಿನಲ್ಲಿ, ಇಸ್ರಾಯೇಲ್ಯರು, ಅಂದರೆ ಯಹೂದಿಗಳ ಪೂರ್ವಜರು, ಅಲ್ಲಿನ ಅರಸ ಫರೋಹನ ಗುಲಾಮರಾಗಿ ಇಟ್ಟಿಗೆ ಹೊತ್ತರು. ಮೋಶೆ ಅವರನ್ನು ಅಲ್ಲಿಂದ ಹೊರಗೆ ತಂದ. ಹೊರಡುವ ಅವಸರಕ್ಕೆ ಕಲಸಿದ ಹಿಟ್ಟು ಹುದುಗು ಬರುವಷ್ಟು ಹೊತ್ತೂ ಇರಲಿಲ್ಲ. ವಿಮೋಚನಕಾಂಡದ ಈ ಕಥೆ ನಿಮಗೆ ಗೊತ್ತಿರುವುದೇ. ಅದರ ನೆನಪಿಗೆ ಏಳು ದಿನ, ಇಸ್ರೇಲಿನ ಹೊರಗಾದರೆ ಎಂಟು ದಿನ, ಹುಳಿಯಿಲ್ಲದ ರೊಟ್ಟಿ.

ಪತ್ರ ಓದಿ ಮಗಳು ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ಇಡ್ಲಿ ಕಳಿಸಬಹುದಾ?"

ನಗಬೇಡಿ. ಆ ಪ್ರಶ್ನೆಯ ಆಳಕ್ಕೆ ಇಳಿದರೆ ಎರಡು ಸಾವಿರ ವರ್ಷದ ಚರ್ಚೆ ಸಿಗುತ್ತದೆ. ಹಬ್ಬದಲ್ಲಿ ವರ್ಜ್ಯವಾದದ್ದಕ್ಕೆ ಹಮೇತ್ಸ್ ಎಂದು ಹೆಸರು. ಗೋಧಿ, ಬಾರ್ಲಿ, ರೈ, ಓಟ್ಸ್, ಮತ್ತು ಸ್ಪೆಲ್ಟ್ ಎಂಬ ಹಳೆಯ ಬಗೆಯ ಗೋಧಿ, ಈ ಐದು ಧಾನ್ಯಗಳ ಹಿಟ್ಟಿಗೆ ನೀರು ಬಿದ್ದು ಹುದುಗಿದರೆ ಅದು ಹಮೇತ್ಸ್. ತಮಾಷೆಯೆಂದರೆ ಹಬ್ಬದ ರೊಟ್ಟಿಯನ್ನೂ ಇವೇ ಧಾನ್ಯಗಳಿಂದ ಮಾಡಬೇಕು. ನೀರು ಬಿದ್ದ ಗಳಿಗೆಯಿಂದ ಒಲೆಯೊಳಗೆ ಬೇಯುವವರೆಗೆ 18 ನಿಮಿಷ ಮೀರಬಾರದು, ಅಷ್ಟೇ ಅಂತರ. ಮಾತ್ಸಾ ಎಂಬ ಆ ರೊಟ್ಟಿ ನಮ್ಮ ಕಡೆಯ ಕಡಕ್ ರೊಟ್ಟಿಯ ದೂರದ ನೆಂಟ. ರುಚಿಯಲ್ಲಿ ನಮ್ಮದೇ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಮೊದಲು ಕೈಯಲ್ಲಿ ಗುಂಡಗೆ ತಟ್ಟುತ್ತಿದ್ದರು. 1838ರಲ್ಲಿ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ಹಿಟ್ಟು ಲಟ್ಟಿಸುವ ಯಂತ್ರ ಬಂತು. ಯಂತ್ರದ ರೊಟ್ಟಿ ಮಡಿಯೋ ಮೈಲಿಗೆಯೋ ಎಂದು ಪೂರ್ವ ಯೂರೋಪಿನ ಪಂಡಿತರು ವರ್ಷಗಟ್ಟಲೆ ಜಗಳವಾಡಿದರು. ಇವತ್ತು ಅಂಗಡಿಯಲ್ಲಿ ಸಿಗುವ ಮಾತ್ಸಾ ಚೌಕಾಕಾರ.

ಈಗ ಅಕ್ಕಿಗೆ ಬರೋಣ. ಅಕ್ಕಿ ಆ ಐದರಲ್ಲಿ ಇಲ್ಲ. ಆದರೆ ಯೂರೋಪಿನ ಅಶ್ಕೆನಾಜಿ ಯಹೂದಿಗಳು ಮಧ್ಯಯುಗದಿಂದ ಅಕ್ಕಿ, ಬೇಳೆ, ಕಾಳುಗಳನ್ನೂ ಹಬ್ಬದಲ್ಲಿ ಬಿಟ್ಟರು. ಸ್ಪೇನ್ ಮೂಲದವರು, ಇರಾಕಿನವರು, ನಮ್ಮ ದೇಶದ ಯಹೂದಿಗಳು ಅದನ್ನು ಒಪ್ಪಲೇ ಇಲ್ಲ. ಗೋಧಿಯ ಕಾಳು ಬೆರೆತಿರಬಾರದೆಂದು ಅಕ್ಕಿಯನ್ನು ಮೂರು ಸಲ ಆರಿಸಿ ಅನ್ನ ಮಾಡುವುದು ಅನೇಕರ ರೂಢಿ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರ ಡಿಸೆಂಬರಿನಲ್ಲಿ ಅಕ್ಕಿ, ಬೇಳೆಗೆ ಅನುಮತಿ ಕೊಟ್ಟಿತು. ಹಾಗಾದರೆ ಇಡ್ಲಿ? ತಾಲ್ಮುದ್ ಎಂಬ ಅವರ ಮಹಾ ಚರ್ಚಾಗ್ರಂಥದ ವಾದ ಏನೆಂದರೆ, ಅಕ್ಕಿ ಮತ್ತು ಸಿರಿಧಾನ್ಯ ನೀರಲ್ಲಿ ಕೊಳೆಯುತ್ತವೆಯೇ ಹೊರತು ಹುದುಗುವುದಿಲ್ಲ. ಬ್ಯಾಬಿಲೋನಿನ ಆ ಪಂಡಿತರು ನಮ್ಮ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಮುಚ್ಚಳ ಎತ್ತಿ ಕಟ್ಟೆಯ ಮೇಲೆ ಹರಿದಿರುವುದನ್ನು ನೋಡಿರಲಿಲ್ಲ. ಶಾಸ್ತ್ರದ ಪ್ರಕಾರ ಇಡ್ಲಿ ಹಮೇತ್ಸ್ ಅಲ್ಲ. ಆದರೂ ಶಿಕ್ಷಕಿ ಯೋಚಿಸಿ ಬರೆದರು: ಉಬ್ಬಿದ್ದು ಕಂಡರೆ ಉಳಿದ ಮಕ್ಕಳಿಗೆ ವಿವರಿಸುವುದು ಕಷ್ಟ, ಅನ್ನವನ್ನೇ ಕಳಿಸಿ. ಸರಿ, ಚಿತ್ರಾನ್ನ ಎಂದುಕೊಂಡು ಒಗ್ಗರಣೆಗೆ ಇಂಗಿನ ಡಬ್ಬಿ ಎತ್ತಿದೆ. ಅಳಿಯ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಗೋಧಿ ಹಿಟ್ಟು! ನಲವತ್ತು ವರ್ಷ ಇಂಗು ಎಂದು ನಂಬಿ ಹಾಕಿದ್ದರಲ್ಲಿ ಗೋಧಿ ಇದೆಯೆಂದು ನನಗೆ ಗೊತ್ತಾದದ್ದು ಒಂದು ಯಹೂದಿ ಹಬ್ಬದಿಂದ. ಇಂಗಿಲ್ಲದ ಚಿತ್ರಾನ್ನ ಹೋಯಿತು.

ಮನೆಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಡೆಯುತ್ತದೆ. ಗೂಡು, ಕಪಾಟು, ಕಾರಿನ ಸೀಟಿನ ಸಂದಿ, ಮಕ್ಕಳ ಕೋಟಿನ ಜೇಬು, ಎಲ್ಲ ಕಡೆಯ ರೊಟ್ಟಿಯ ಚೂರನ್ನೂ ಹೊರಹಾಕುತ್ತಾರೆ. ಹಬ್ಬದ ಹಿಂದಿನ ರಾತ್ರಿ ದೀಪ ಆರಿಸಿ, ಮೇಣದ ಬತ್ತಿ, ಹಕ್ಕಿಗರಿ, ಮರದ ಚಮಚ ಹಿಡಿದು ಮನೆಯೆಲ್ಲ ಹುಡುಕುವ ಶಾಸ್ತ್ರ. ಏನೂ ಸಿಗದೆ ಹೋದರೆ ಹುಡುಕಿದ್ದು ವ್ಯರ್ಥವಾಗುತ್ತದಲ್ಲ, ಅದಕ್ಕೆ ಮೊದಲೇ ಹತ್ತು ಚೂರು ರೊಟ್ಟಿಯನ್ನು ಅಲ್ಲಲ್ಲಿ ಬಚ್ಚಿಟ್ಟಿರುತ್ತಾರೆ. ಬೆಳಗ್ಗೆ ಅದನ್ನು ಸುಡುತ್ತಾರೆ. ಎಸೆಯಲಾಗದಷ್ಟು ಇದ್ದರೆ ಯಹೂದಿಯಲ್ಲದ ಒಬ್ಬರಿಗೆ ಪತ್ರ ಮಾಡಿ ಮಾರಿ, ಹಬ್ಬ ಮುಗಿದ ಮೇಲೆ ಮರಳಿ ಪಡೆಯುತ್ತಾರೆ. ಇಸ್ರೇಲ್ ಸರ್ಕಾರದ ದಾಸ್ತಾನೂ ಹೀಗೆಯೇ ಅಬು ಘೋಷ್ ಎಂಬ ಊರಿನ ಒಬ್ಬ ಅರಬ್ ಪ್ರಜೆಗೆ ವರ್ಷಗಳಿಂದ ಕ್ರಯವಾಗುತ್ತಿತ್ತು. ದೇಶದ ಬ್ರೆಡ್ಡಿಗೆಲ್ಲ ಒಂದು ವಾರದ ಒಡೆಯ!

ಇನ್ನು ಆ ಸಂಜೆ. ಬಾಗಿಲಲ್ಲಿ ಪೊಲೀಸ್ ಕಾರು ನಿಂತಿತ್ತು. ಕಾವಲುಗಾರ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕಿ, ಚೀಲ ನೋಡಿ ಒಳಗೆ ಬಿಟ್ಟ. ಅದೇ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ 2018ರ ಅಕ್ಟೋಬರ್ 27ರಂದು ಒಬ್ಬ ಬಂದೂಕುಧಾರಿ ಸಿನಗಾಗ್‌ಗೆ ನುಗ್ಗಿ 11 ಜನರನ್ನು ಕೊಂದಿದ್ದ. ಅಂದಿನಿಂದ ಇಂಥ ಕಾವಲು ಮಾಮೂಲು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ರಬ್ಬಿ, ಅಂದರೆ ಅವರ ಧರ್ಮಗುರು, ಒಂದು ಮಾತ್ಸಾ ಎತ್ತಿ ಹಿಡಿದು ಓದಿದ ಮೊದಲ ಮಾತು, "ಇದು ನಮ್ಮ ಹಿರಿಯರು ಐಗುಪ್ತದಲ್ಲಿ ತಿಂದ ಬಡತನದ ರೊಟ್ಟಿ. ಹಸಿದವರೆಲ್ಲ ಬಂದು ಉಣ್ಣಲಿ." ಉಳಿದ ಪಾಠವೆಲ್ಲ ಬಹುಪಾಲು ಹೀಬ್ರೂವಿನಲ್ಲಿದ್ದರೆ ಈ ಮಾತು ಅರಮಾಯಿಕ್‌ನಲ್ಲಿದೆ. ಒಂದು ಕಾಲಕ್ಕೆ ಬೀದಿಯ ಜನ ಆಡುತ್ತಿದ್ದ ಭಾಷೆ ಅದು. ಕರೆದದ್ದು ಹಸಿದವರಿಗೆ ಅರ್ಥವಾಗಬೇಕಲ್ಲ. ಹೊರಗೆ ಪಟ್ಟಿ ನೋಡಿ ಬಿಡುವುದು, ಒಳಗೆ ಎಲ್ಲರೂ ಬನ್ನಿ ಎನ್ನುವುದು, ಎರಡೂ ನನ್ನ ಕಣ್ಣಿಗೆ ಬಿತ್ತು. ಅವರಿಗೂ ಬಿದ್ದಿರುತ್ತದೆ.

ಹತ್ತು ಹತ್ತು ಜನರ ದುಂಡು ಮೇಜುಗಳು. ನಮ್ಮ ಮೇಜಿನಲ್ಲಿ ನಾವು ಐವರು, ಒಬ್ಬ ವೃದ್ಧ ದಂತವೈದ್ಯರು, ಕಾಲೇಜು ಓದುವ ಅವರ ಮೊಮ್ಮಗಳು, ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು, ಆ ಊರಿಗೆ ಹೊಸದಾಗಿ ಕೆಲಸಕ್ಕೆ ಬಂದ ಇಬ್ಬರು ಹುಡುಗರು. ಸೇದೆರ್ ನಿಜಕ್ಕೂ ಮನೆಯಲ್ಲಿ ಮಾಡುವ ಹಬ್ಬ. ಮೊದಲ ರಾತ್ರಿ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ. ಎರಡನೆಯ ರಾತ್ರಿಯ ಈ ಸಭಾಂಗಣ ಹತ್ತಿರ ಮನೆಮಂದಿ ಇಲ್ಲದವರಿಗೆ, ನಮ್ಮಂಥ ಪರಸ್ಥಳದವರಿಗೆ. ಎರಡನೆಯ ರಾತ್ರಿ ಯಾಕಿದೆ ಎಂಬುದಕ್ಕೂ ಕಥೆಯಿದೆ. ಹಿಂದೆ ಅಮಾವಾಸ್ಯೆ ಕಳೆದು ಚಂದ್ರ ಕಂಡನೆಂದು ಸಾಕ್ಷಿ ಹೇಳಿದ ಮೇಲೆಯೇ ಜೆರುಸಲೇಮಿನಲ್ಲಿ ತಿಂಗಳು ಘೋಷಣೆಯಾಗುತ್ತಿತ್ತು. ಗುಡ್ಡದಿಂದ ಗುಡ್ಡಕ್ಕೆ ಬೆಂಕಿ ಹೊತ್ತಿಸಿ ಸುದ್ದಿ ಕಳಿಸುತ್ತಿದ್ದರು. ಆಗದವರು ಸುಳ್ಳು ಬೆಂಕಿ ಹಚ್ಚಲು ಶುರುಮಾಡಿದಾಗ ಓಲೆಕಾರರನ್ನು ಓಡಿಸಿದರು. ದೂರದ ಊರಿಗೆ ಸುದ್ದಿ ಹೊತ್ತಿಗೆ ಮುಟ್ಟದೆ ಹೋದರೆ? ಇರಲಿ ಎಂದು ಎರಡು ದಿನ. ಈಗ ಲೆಕ್ಕದ ಪಂಚಾಂಗ ಬಂದು ಶತಮಾನಗಳಾದರೂ ಎರಡನೆಯ ದಿನ ಹೋಗಲಿಲ್ಲ.

ಪಂಚಾಂಗದ ಮಾತು ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ಅವರದೂ ನಮ್ಮ ಹಾಗೆ ಚಾಂದ್ರಮಾನ. ಈ ಹಬ್ಬ ನಿಸಾನ್ ತಿಂಗಳ ಹುಣ್ಣಿಮೆಗೆ ಬೀಳುತ್ತದೆ. ಧರ್ಮೋಪದೇಶಕಾಂಡದಲ್ಲಿ ಅದನ್ನು ಆವೀವ್ ತಿಂಗಳಲ್ಲಿ ಮಾಡಬೇಕೆಂದಿದೆ. ಆವೀವ್ ಎಂದರೆ ಬಾರ್ಲಿಯ ತೆನೆ ಬಲಿಯುವ ವಸಂತ. ಚಂದ್ರನನ್ನು ಮಾತ್ರ ನಂಬಿದರೆ ರಂಜಾನಿನ ಹಾಗೆ ಹಬ್ಬ ವರ್ಷ ವರ್ಷ ಹಿಂದೆ ಸರಿಯುತ್ತ ಚಳಿಗಾಲಕ್ಕೆ ಹೋಗಿಬಿಡುತ್ತದೆ. ಅದಕ್ಕೆ 19 ವರ್ಷಕ್ಕೆ ಏಳು ಸಲ ಅವರಿಗೆ ಅಧಿಕ ಮಾಸ. ನಮಗೆ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅವರಿಗೆ 2024ರ ಫೆಬ್ರವರಿ, ಮಾರ್ಚಿನಲ್ಲಿ ಅಧಿಕ ಅದಾರ್ ಬಂತು. ಹಾಗಾಗಿಯೇ ನಮ್ಮ ಚೈತ್ರದ ಹುಣ್ಣಿಮೆ ಅವರ ಹಬ್ಬದ ಪಕ್ಕದಲ್ಲಿ ಬಂದು ನಿಂತಿತು.

ಮೇಜಿನ ನಡುವೆ ಒಂದು ತಟ್ಟೆ. ಅದರಲ್ಲಿ ಸುಟ್ಟ ಮೊಟ್ಟೆ, ಪಾರ್ಸ್ಲಿ ಸೊಪ್ಪು, ಹಾರ್ಸ್‌ರ್ಯಾಡಿಶ್ ಎಂಬ ಘಾಟಿನ ಬೇರಿನ ತುರಿ, ಕಂದು ಬಣ್ಣದ ಒಂದು ಮುದ್ದೆ. ಕುರಿಯ ಮೂಳೆ ಇರಬೇಕಾದ ಜಾಗದಲ್ಲಿ ನಮ್ಮ ಮೇಜಿಗೆ ಬೇಯಿಸಿದ ಬೀಟ್‌ರೂಟ್ ಇಟ್ಟಿದ್ದರು. ಸಸ್ಯಾಹಾರಿಗಳೆಂದು ನಮ್ಮ ಮೇಲೆ ತೋರಿಸಿದ ದಾಕ್ಷಿಣ್ಯ ಅಂದುಕೊಂಡೆ. ಆಮೇಲೆ ಓದಿದರೆ ಅದಕ್ಕೂ ತಾಲ್ಮುದ್‌ನಲ್ಲಿ ಆಧಾರವಿದೆ. ಮೇಜಿನ ಮೇಲೆ ಇರಬೇಕಾದ ಎರಡು ಬೇಯಿಸಿದ ಪದಾರ್ಥ ಯಾವುವು ಎಂಬ ಪ್ರಶ್ನೆಗೆ ರಾವ್ ಹುನಾ ಎಂಬ ಪಂಡಿತ ಕೊಟ್ಟ ಉತ್ತರ, ಬೀಟ್ ಮತ್ತು ಅಕ್ಕಿ. ಅಕ್ಕಿಗೆ ಸಾವಿರದ ಏಳುನೂರು ವರ್ಷದ ಹಿಂದೆಯೇ ಅಲ್ಲಿ ಜಾಗವಿತ್ತು, ನೋಡಿ.

ಎಲ್ಲರ ಮುಂದೆ ಹಗ್ಗಾದಾ ಎಂಬ ಪುಸ್ತಕ. ಹಗ್ಗಾದಾ ಎಂದರೆ ಹೇಳುವುದು, ಸೇದೆರ್ ಎಂದರೆ ಕ್ರಮ. ಹದಿನೈದು ಹಂತಗಳ ಕ್ರಮದಲ್ಲಿ ಊಟ ಬರುವುದು ಹನ್ನೊಂದನೆಯದಾಗಿ! ಸೊಪ್ಪನ್ನು ಉಪ್ಪು ನೀರಿನಲ್ಲಿ ಅದ್ದಿ ಒಂದು ಚೂರು ತಿಂದದ್ದೇ ತಿಂದದ್ದು, ಉಪ್ಪು ನೀರು ಗುಲಾಮರ ಕಣ್ಣೀರು. ನಮ್ಮ ಮನೆಯವರು ಸಕ್ಕರೆ ಕಾಯಿಲೆಯವರು, ಎರಡು ಸಲ ಗಡಿಯಾರ ನೋಡಿದರು. ಅಷ್ಟರಲ್ಲಿ ರಬ್ಬಿ, "ಪ್ರತಿ ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು?" ಎಂದರು.

ನಮ್ಮ ಮೇಜಿನಲ್ಲಿ ಚಿಕ್ಕವಳು ನನ್ನ ಮೊಮ್ಮಗಳು. ಅವಳು ಕುರ್ಚಿಯ ಮೇಲೆ ಹತ್ತಿ ನಿಂತಳು. ಫ್ರಾಕಿನ ಅಂಚು ಹಿಡಿದುಕೊಂಡು, ಶಾಲೆಯಲ್ಲಿ ಕಲಿಸಿದ ರಾಗದಲ್ಲಿ, "ಮಾ ನಿಶ್ತನಾ ಹಲೈಲಾ ಹಜ್ಜೆ" ಎಂದು ಹೀಬ್ರೂವಿನಲ್ಲಿ ಹಾಡಿದಳು. ನಾಲ್ಕು ತಿಂಗಳು ಹಿಂದೆ ಬಿದ್ದು ನಾನು ಕಲಿಸಿದ್ದ "ಶುಕ್ಲಾಂಬರಧರಂ" ಎರಡನೆಯ ಸಾಲು ದಾಟಿರಲಿಲ್ಲ. ನನಗೆ ಹೆಮ್ಮೆಯಾಯಿತೋ ಹೊಟ್ಟೆಕಿಚ್ಚಾಯಿತೋ ಇವತ್ತಿಗೂ ಖಚಿತವಿಲ್ಲ. ದಂತವೈದ್ಯರ ಕಣ್ಣಿನಲ್ಲಂತೂ ನೀರಿತ್ತು.

ಹಾಡಿನ ಅರ್ಥ ಇಷ್ಟು. ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಹೇಗೆ ಬೇರೆ? ಬೇರೆ ರಾತ್ರಿ ಯಾವ ರೊಟ್ಟಿಯಾದರೂ ತಿನ್ನುತ್ತೇವೆ, ಇವತ್ತು ಹುಳಿಯಿಲ್ಲದ್ದೇ ಯಾಕೆ? ಬೇರೆ ರಾತ್ರಿ ಯಾವ ಸೊಪ್ಪಾದರೂ ಸರಿ, ಇವತ್ತು ಕಹಿ ಯಾಕೆ? ಬೇರೆ ರಾತ್ರಿ ಒಂದು ಸಲವೂ ಅದ್ದಿ ತಿನ್ನುವುದಿಲ್ಲ, ಇವತ್ತು ಎರಡು ಸಲ ಯಾಕೆ? ಬೇರೆ ರಾತ್ರಿ ಹೇಗಾದರೂ ಕೂರುತ್ತೇವೆ, ಇವತ್ತು ಒರಗಿಕೊಂಡೇ ಯಾಕೆ? ಒರಗಿ ಉಣ್ಣುವುದು ರೋಮನ್ನರ ಕಾಲದಲ್ಲಿ ಸ್ವತಂತ್ರರ ಲಕ್ಷಣ. ಗುಲಾಮ ನಿಂತೇ ಇರಬೇಕು.

ಮೇಷ್ಟರ ಬುದ್ಧಿ ಬಿಡುವುದಿಲ್ಲ, ಊರಿಗೆ ಬಂದ ಮೇಲೆ ನಾನು ಈ ಪ್ರಶ್ನೆಗಳ ಬೆನ್ನು ಹತ್ತಿದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಶ್ನಾ ಎಂಬ ಗ್ರಂಥದಲ್ಲೇ ಪ್ರಶ್ನೆಗಳು ಇವೆ. ಆದರೆ ಅಲ್ಲಿ ಒರಗುವ ಪ್ರಶ್ನೆ ಇಲ್ಲ. ಅದರ ಬದಲು, ಇವತ್ತು ಸುಟ್ಟ ಮಾಂಸವೇ ಯಾಕೆ ಎಂದಿದೆ. ಪಸ್ಕದ ಮೂಲ ಆಚರಣೆ ಜೆರುಸಲೇಮಿನ ದೇವಾಲಯದಲ್ಲಿ ಕುರಿಮರಿಯ ಬಲಿ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಕೆಡವಿತು. ಬಲಿ ನಿಂತಿತು, ಕ್ರಮೇಣ ಅದರ ಪ್ರಶ್ನೆಯೂ ಬಿದ್ದುಹೋಯಿತು, ಬೇರೊಂದು ಅದರ ಜಾಗಕ್ಕೆ ಬಂತು. ಇಂದಿಗೂ ಬಲಿ ಕೊಡುವವರು ಗೆರಿಜೀಮ್ ಬೆಟ್ಟದ ಮೇಲಿನ ಸಮಾರ್ಯರು ಎಂಬ ಸಮುದಾಯದವರು ಮಾತ್ರ, ಅವರ ಸಂಖ್ಯೆ ಒಂದು ಸಾವಿರವೂ ಇಲ್ಲ. ಉಳಿದವರಿಗೆ ದೇವಾಲಯದ ಬಲಿಪೀಠದ ಜಾಗದಲ್ಲಿ ಊಟದ ಮೇಜು, ಪುರೋಹಿತನ ಜಾಗದಲ್ಲಿ ಕುರ್ಚಿ ಹತ್ತಿ ನಿಂತ ಮಗು. ನನ್ನ ಮಟ್ಟಿಗೆ ಈ ಹಬ್ಬದ ಗುಟ್ಟು ಇಷ್ಟೇ. ಮಗು ಕೇಳದೆ ಹಬ್ಬ ಮುಂದಕ್ಕೆ ಹೋಗುವುದಿಲ್ಲ.

ಮಗು ಕೇಳದೆ ಹೋದರೆ? ಅದಕ್ಕೂ ಕಟ್ಟಳೆಯಿದೆ. ಮಗ ಕೇಳಬೇಕು. ಅವನಿಗೆ ತಿಳಿಯದಿದ್ದರೆ ಹೆಂಡತಿ ಕೇಳಬೇಕು. ಯಾರೂ ಇಲ್ಲದಿದ್ದರೆ ಒಬ್ಬನೇ ಕುಳಿತವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಹಬ್ಬದ ನಿಯಮವೆಲ್ಲ ಬಾಯಿಪಾಠವಿರುವ ಇಬ್ಬರು ಪಂಡಿತರಾದರೂ ಒಬ್ಬರನ್ನೊಬ್ಬರು ಕೇಳಲೇಬೇಕು. ಇನ್ನೊಂದು ಪ್ರಸಂಗ ಓದಿ ನಾನು ಒಬ್ಬಳೇ ನಕ್ಕೆ. ಅಬಾಯೆ ಎಂಬ ಹುಡುಗ ತನ್ನನ್ನು ಸಾಕಿದ ಗುರು ರಬ್ಬಾ ಅವರ ಜೊತೆ ಹಬ್ಬಕ್ಕೆ ಕುಳಿತಿದ್ದಾನೆ. ಊಟಕ್ಕೆ ಮೊದಲೇ ಯಾರೋ ಮೇಜು ಎತ್ತಿಕೊಂಡು ಹೊರಟರು. ಹುಡುಗ ಗಾಬರಿಯಾಗಿ, "ಇನ್ನೂ ಉಂಡಿಲ್ಲ, ಆಗಲೇ ಮೇಜು ಎತ್ತುತ್ತಿದ್ದಾರಲ್ಲ!" ಎಂದ. ರಬ್ಬಾ ಹೇಳಿದರು, "ನೀನು ಕೇಳಿಬಿಟ್ಟೆ, ಇನ್ನು ನಾವು ಮಾ ನಿಶ್ತನಾ ಹೇಳಬೇಕಾಗಿಲ್ಲ." ಅಂದರೆ ಅಂಥ ವಿಚಿತ್ರಗಳೆಲ್ಲ ಮಗುವಿನ ಬಾಯಿ ಬಿಡಿಸಲು ಹೂಡಿದ ಉಪಾಯ. ನಮ್ಮಲ್ಲಿ ಪೂಜೆಯ ನಡುವೆ ಮಗು ಯಾಕೆ ಎಂದರೆ "ಸುಮ್ಮನೆ ಕೈ ಮುಗಿ" ಎನ್ನುತ್ತೇವೆ. ನಾನೂ ಅಂದಿದ್ದೇನೆ, ಮನೆಯಲ್ಲೂ ತರಗತಿಯಲ್ಲೂ.

ಆ ಕಂದು ಮುದ್ದೆಯ ಹೆಸರು ಹರೋಸೆತ್. ಸೇಬು, ಅಕ್ರೋಟು, ದಾಲ್ಚಿನ್ನಿ, ದ್ರಾಕ್ಷಾರಸ ಹಾಕಿ ಕುಟ್ಟಿದ್ದು. ಬಾಗ್ದಾದ್ ಕಡೆಯವರೂ ನಮ್ಮ ದೇಶದ ಯಹೂದಿಗಳೂ ಖರ್ಜೂರದ ಪಾಕದಲ್ಲಿ ಮಾಡುತ್ತಾರೆ. ಕಹಿ ಬೇರಿನ ಜೊತೆ ಇದನ್ನು ತಿನ್ನಬೇಕು. ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತಿದೆ, ಎಲ್ಲರಿಗೂ ಬೇವು ಬೆಲ್ಲ ನೆನಪಾಯಿತು. ನನಗೂ ಆಯಿತು, ಎರಡು ವಾರದ ಹಿಂದೆಯಷ್ಟೇ, ಏಪ್ರಿಲ್ 9ರಂದು, ಊರಿಂದ ಕಟ್ಟಿಕೊಂಡು ಹೋಗಿದ್ದ ಒಣ ಬೇವಿನ ಹೂವಿನಲ್ಲಿ ಯುಗಾದಿ ಮಾಡಿದ್ದೆವು. ಸಂಭ್ರಮದಿಂದ ಪಕ್ಕದ ಹೆಂಗಸಿಗೆ ಹೇಳಿಯೂ ಬಿಟ್ಟೆ, ನಮ್ಮಲ್ಲೂ ಇದೇ ಇದೆ ಎಂದು. ಅವರು ಕೇಳಿದರು, "ನಿಮ್ಮ ಕಹಿ ಯಾವ ಕಹಿ?" ಮುಂದೆ ಬರುವ ವರ್ಷದ್ದು ಎಂದೆ. ಅವರು, "ನಮ್ಮದು ಆಗಿಹೋದದ್ದು" ಎಂದರು. ಸಿಹಿಯೂ ಬೆಲ್ಲದ ಅರ್ಥದ ಸಿಹಿಯಲ್ಲವಂತೆ. ಅದರ ಬಣ್ಣ ನೋಡಿ ಎಂದರು. ಅದು ಗುಲಾಮರು ಇಟ್ಟಿಗೆ ಜೋಡಿಸಲು ಕಲಸುತ್ತಿದ್ದ ಕೆಸರು! ನಾವು ನಾಳೆಗೆ ನಾಲಿಗೆಯನ್ನು ಸಿದ್ಧಮಾಡುತ್ತೇವೆ, ಅವರು ನಾಲಿಗೆಯಿಂದ ನಿನ್ನೆಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಬೇರಿನ ತುರಿ ಬಾಯಿಗೆ ಹಾಕಿದ್ದೆ. ಕಹಿ ಎಂದರಲ್ಲ, ಕಹಿ ಅಲ್ಲ ಅದು. ಮೂಗಿನೊಳಗೆ ಹಸಿ ಸಾಸಿವೆ ಅರೆದು ಹಚ್ಚಿದ ಹಾಗೆ ನೆತ್ತಿಗೆ ಏರಿತು. ನಮ್ಮ ಮನೆಯವರು ನೀರಿನ ಲೋಟ ತಳ್ಳಿದರು. ಅವಸರದಲ್ಲಿ ತಳ್ಳಿದ್ದು ಉಪ್ಪು ನೀರಿನದು.

ಹಗ್ಗಾದಾದ ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ. ಇಡೀ ಕಥೆಯ ನಾಯಕ ಮೋಶೆ. ಸಾಂಪ್ರದಾಯಿಕ ಪಾಠದಲ್ಲಿ ಅವನ ಹೆಸರು ಒಂದೇ ಒಂದು ಸಲ, ಅದೂ ಯಾವುದೋ ವಾಕ್ಯವನ್ನು ಉದ್ಧರಿಸುವಾಗ, ಹಾದುಹೋಗುತ್ತದೆ. ರಾಮನವಮಿಯ ದಿನ ಪಾನಕ, ಕೋಸಂಬರಿ ಹಂಚಿ ರಾಮನ ಹೆಸರೇ ಎತ್ತದೆ ಮನೆಗೆ ಕಳಿಸಿದ ಹಾಗೆ. ಬಿಡಿಸಿದವನು ದೇವರು, ಮನುಷ್ಯನನ್ನು ದೇವರ ಜಾಗದಲ್ಲಿ ಕೂರಿಸಬೇಡಿ ಎಂಬ ಎಚ್ಚರ ಎಂದು ವಿವರಿಸುವವರಿದ್ದಾರೆ. ವ್ಯಕ್ತಿಪೂಜೆಯಲ್ಲಿ ನಾವು ಎಷ್ಟು ಮುಂದೆ ಹೋಗಿದ್ದೇವೆಂದರೆ ಇದು ನಮಗೆ ಅರ್ಥವಾಗುವುದೇ ಕಷ್ಟ.

ಆಮೇಲೆ ನಾಲ್ಕು ಮಕ್ಕಳ ಭಾಗ. ಒಬ್ಬ ಜಾಣ, ಒಬ್ಬ ದುಷ್ಟ, ಒಬ್ಬ ಮುಗ್ಧ, ಒಬ್ಬನಿಗೆ ಕೇಳಲೇ ಬರುವುದಿಲ್ಲ. ಜಾಣ ಎಲ್ಲ ನಿಯಮಗಳನ್ನೂ ಕೇಳುತ್ತಾನೆ, ಮೊದಲ ಬೆಂಚಿನವನು. ದುಷ್ಟ, "ಇದೆಲ್ಲ ನಿಮಗೆ ಯಾಕೆ?" ಎನ್ನುತ್ತಾನೆ, ನಮಗೆ ಎನ್ನದೆ ನಿಮಗೆ ಎಂದದ್ದೇ ಅವನ ತಪ್ಪು. ನನ್ನನ್ನು ಕೇಳಿದರೆ ಅವನೂ ಅಂಥ ದುಷ್ಟನಲ್ಲ, ಹಬ್ಬಕ್ಕೆ ಬಂದು ಕುಳಿತು ಕೇಳುತ್ತಿದ್ದಾನಲ್ಲ. ಮುಗ್ಧ, "ಇದೇನು?" ಎಂದಷ್ಟೇ. ನಾಲ್ಕನೆಯವನ ವಿಷಯದಲ್ಲಿ ಪುಸ್ತಕ ಹೇಳುವ ಮಾತು, "ನೀನೇ ಅವನಿಗಾಗಿ ತೆರೆ." ಹೀಬ್ರೂವಿನಲ್ಲಿ ಇಲ್ಲಿ "ನೀನು" ಎಂಬುದು ಸ್ತ್ರೀಲಿಂಗದ ರೂಪದಲ್ಲಿದೆಯಂತೆ, ಮಾತು ಬಾರದ ಮಗುವಿನ ಹತ್ತಿರ ತಾಯಿಯ ಹಾಗೆ ಹೋಗು ಎಂದು ವ್ಯಾಖ್ಯಾನ. ಹಿಂದಿನ ಬೆಂಚಿನ ಗೋಡೆಗೆ ಒರಗಿ, ಮೂರು ವರ್ಷ ಒಂದು ಪ್ರಶ್ನೆ ಕೇಳದೆ, ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳ ಮುಖಗಳು ಆ ಮೇಜಿನ ಮುಂದೆ ಒಂದೊಂದಾಗಿ ಬಂದವು. ಗಲಾಟೆ ಮಾಡುವುದಿಲ್ಲ, ಒಳ್ಳೆಯ ಹುಡುಗ ಎಂದು ನಾನೇ ಅವರ ವರದಿಯಲ್ಲಿ ಬರೆದಿದ್ದೆ.

ದೇವರು ಐಗುಪ್ತದ ಮೇಲೆ ತಂದ ಹತ್ತು ಉಪದ್ರವಗಳನ್ನು ಓದುವಾಗ ಎಲ್ಲರೂ ಕಿರುಬೆರಳನ್ನು ದ್ರಾಕ್ಷಾರಸದಲ್ಲಿ ಅದ್ದಿದರು. ರಕ್ತ, ಕಪ್ಪೆ, ಹೇನು ಎಂದು ಒಂದೊಂದಕ್ಕೆ ಒಂದೊಂದು ಹನಿ ತಟ್ಟೆಯ ಅಂಚಿಗೆ. ಮೊದಲ ಮಕ್ಕಳ ಸಾವಿನ ತನಕ ಹತ್ತು ಕೆಂಪು ಚುಕ್ಕೆ. ಶತ್ರುಗಳಾದರೂ ಸತ್ತವರು ಮನುಷ್ಯರು, ಆ ಮಟ್ಟಿಗೆ ನಮ್ಮ ಬಟ್ಟಲಿನ ಸಂತೋಷ ಕಡಿಮೆಯಾಗಬೇಕು ಎಂದು ದಂತವೈದ್ಯರು ಮೊಮ್ಮಗಳಿಗೆ ಹೇಳಿದರು. ಆ ವರ್ಷ ಗಾಜಾದಲ್ಲಿ ಯುದ್ಧ ನಡೆಯುತ್ತಿತ್ತು. ಸಭಾಂಗಣದ ಮುಂದೆ ಒತ್ತೆಯಾಳುಗಳ ನೆನಪಿಗೆ ಒಂದು ಖಾಲಿ ಕುರ್ಚಿ ಇಟ್ಟಿದ್ದರು. ಆ ಹುಡುಗಿ ತನ್ನ ತಟ್ಟೆಯ ಹನಿಗಳನ್ನೇ ನೋಡುತ್ತ, "ಅಲ್ಲಿ ಸಾಯುತ್ತಿರುವ ಮಕ್ಕಳಿಗೆ ಎಷ್ಟು ಹನಿ ತಾತ?" ಎಂದಳು. ಮುದುಕರ ಮುಖ ಕೆಂಪಗಾಯಿತು. ತಮ್ಮ ಅಕ್ಕನ ಮೊಮ್ಮಗ ಅಲ್ಲಿ ಸೈನ್ಯದಲ್ಲಿದ್ದಾನೆ ಎಂದರು. ಇಬ್ಬರೂ ದನಿ ಎತ್ತಲಿಲ್ಲ, ಇಬ್ಬರೂ ಒಪ್ಪಲಿಲ್ಲ. ಅವಳು ಎದ್ದು ಹೋಗಲಿಲ್ಲ, ಅವರು ಹೋಗು ಎನ್ನಲಿಲ್ಲ. ಸೂಪು ಬಂದಾಗ ಅವಳೇ ಅವರ ಬಟ್ಟಲಿಗೆ ಬಡಿಸಿದಳು. ನಾನು ನೋಡಿದ್ದು ಇಷ್ಟು, ಇದರ ಮೇಲೆ ವ್ಯಾಖ್ಯಾನ ನನ್ನಿಂದ ಬೇಡ.

ಊಟದ ಹೊತ್ತಿಗೆ ಪಕ್ಕದವರು, "ಭಾರತದಲ್ಲೂ ಯಹೂದಿಗಳು ಇದ್ದಾರಂತೆ?" ಎಂದರು. ಕೊಚ್ಚಿಯ ಸಿನಗಾಗ್ ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ, ನಾಚಿಕೆಯಾಯಿತು. ತಿಳಿದುಕೊಂಡ ಮೇಲೆ ಅವರಿಗೆ ಪತ್ರ ಬರೆದೆ, ನಿಮಗೂ ಹೇಳುತ್ತೇನೆ. ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲ್ ಎಂಬ ಸಮುದಾಯವಿದೆ. ಶತಮಾನಗಳ ಕಾಲ ಗಾಣ ಆಡಿಸಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಶನಿವಾರ ತೇಲಿ ಎಂದು ಹೆಸರು. ಹೀಬ್ರೂ ಮರೆತಿದ್ದರೂ ಹಬ್ಬ ಮರೆತಿರಲಿಲ್ಲ. ಪಸ್ಕವನ್ನು ಮರಾಠಿಯಲ್ಲಿ ಅನಾಶಿ ಢಾಕಾಚಾ ಸಣ್ ಎನ್ನುತ್ತಿದ್ದರು, ಹುಳಿಯ ಗಡಿಗೆ ಮುಚ್ಚುವ ಹಬ್ಬ. ಫರೋಹನ ಕಥೆ ಮಸುಕಾಗಿರಬಹುದು, ಅಡುಗೆಮನೆಗೆ ಮಾತ್ರ ಆ ವಾರ ಹುಳಿ ಕೂಡದೆಂಬುದು ನೆನಪಿತ್ತು. ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು ಇಂದಿಗೂ ಅವರಲ್ಲಿ ರೂಢಿ. ಮುಂಬೈಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಕಂಪನಿಯ ಸೈನ್ಯದಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದ್ದರು. ಟಿಪ್ಪುವಿನ ತಾಯಿ ಇವರು ಯಹೂದಿಗಳೆಂದು ತಿಳಿದು ಜೀವ ಉಳಿಸಿದಳು, ಬದುಕಿ ಮರಳಿದರೆ ಮಂದಿರ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದರು ಎಂಬುದು ಆ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಬೆನೆ ಇಸ್ರೇಲಿಗಳು ಸಿನಗಾಗನ್ನೂ ಮಸೀದಿ ಎಂದೇ ಕರೆಯುತ್ತಿದ್ದರು. ಮುಂಬೈಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಇದರಿಂದ. ನಾನು ಆ ನಿಲ್ದಾಣದಲ್ಲಿ ಎಷ್ಟು ಸಲ ಇಳಿದಿದ್ದೇನೆ!

ಊಟ ಆದ ಮೇಲೆ ಮಕ್ಕಳ ಕಾಲ. ಆರಂಭದಲ್ಲೇ ಒಂದು ಮಾತ್ಸಾ ಮುರಿದು ಅರ್ಧವನ್ನು ಬಚ್ಚಿಟ್ಟಿರುತ್ತಾರೆ. ಆ ಚೂರು, ಅಫಿಕೋಮನ್, ಸಿಗದೆ ಹಿರಿಯರು ಮುಂದೆ ಹೋಗುವ ಹಾಗಿಲ್ಲ. ಮಕ್ಕಳು ಹುಡುಕಿ ತಂದು, ಕೊಡಬೇಕಾದರೆ ಏನು ಕೊಡುತ್ತೀರಿ ಎಂದು ಚೌಕಾಸಿಗೆ ನಿಲ್ಲುತ್ತಾರೆ. ರಾತ್ರಿ ಹತ್ತಾದರೂ ಒಬ್ಬ ಮಗುವೂ ತೂಕಡಿಸದಿರುವ ಕಾರಣ ಆಗ ತಿಳಿಯಿತು. ಬಳಿಕ ಪ್ರವಾದಿ ಎಲೀಯನಿಗೆಂದು ತುಂಬಿಸಿಟ್ಟ ಬಟ್ಟಲಿನ ಮುಂದೆ ಎಲ್ಲರೂ ಎದ್ದು ನಿಂತರು, ಇಬ್ಬರು ಮಕ್ಕಳು ಓಡಿ ಬಾಗಿಲು ತೆರೆದರು. ಹೊರಗೆ ಹುಣ್ಣಿಮೆಯ ಬೆಳಕಿನಲ್ಲಿ ಕಾವಲುಗಾರ ನಿಂತಿದ್ದ. ಒಳಗಿನವರೆಲ್ಲ ಎದ್ದು ತನ್ನ ಕಡೆ ನೋಡುತ್ತಿರುವುದಕ್ಕೆ ಸಂಕೋಚವಾಗಿ ಟೋಪಿ ಸರಿಮಾಡಿಕೊಂಡ. ಯಾರೋ ನಕ್ಕರು. ಮಾತ್ಸಾ, ಬಾದಾಮಿಯ ಕೇಕು ತಟ್ಟೆಯಲ್ಲಿ ಅವನಿಗೆ ಹೋಯಿತು.

ಕೊನೆಗೆ ಹಾಡು. ಖದ್ ಗದ್ಯಾ, ಒಂದು ಪುಟ್ಟ ಆಡಿನ ಮರಿ. ಅಪ್ಪ ಎರಡು ಕಾಸಿಗೆ ಕೊಂಡ ಮರಿಯನ್ನು ಬೆಕ್ಕು ತಿಂದಿತು, ಬೆಕ್ಕನ್ನು ನಾಯಿ ಕಚ್ಚಿತು, ನಾಯಿಗೆ ಕೋಲು ಬಡಿಯಿತು, ಕೋಲನ್ನು ಬೆಂಕಿ ಸುಟ್ಟಿತು, ಬೆಂಕಿಯನ್ನು ನೀರು ಆರಿಸಿತು, ನೀರನ್ನು ಎತ್ತು ಕುಡಿಯಿತು, ಹೀಗೆ ಬೆಳೆಯುತ್ತ ಮೃತ್ಯುದೂತನವರೆಗೆ, ಅವನನ್ನೂ ಮುಗಿಸುವ ದೇವರವರೆಗೆ. ಮೇಜು ಬಡಿಯುತ್ತ ಹಾಡುವಾಗ ನಮ್ಮ ಮನೆಯವರೂ ಸೇರಿಕೊಂಡರು. ಹೊಟ್ಟೆ ತುಂಬಿತ್ತು.

ಕಾರಿನಲ್ಲಿ ಮೊಮ್ಮಗಳು ಇನ್ನೂ ಅದನ್ನೇ ಹಾಡುತ್ತಿದ್ದಳು. ನಾನು, "ನಮ್ಮಲ್ಲೂ ಇಂಥದ್ದು ಒಂದಿದೆ, ಕೇಳು" ಎಂದು ಗುಬ್ಬಿಯ ಕಥೆ ಶುರುಮಾಡಿದೆ. ಗುಬ್ಬಿಯ ಕಡಲೆಕಾಳು ಮರದ ಸೀಳಿನಲ್ಲಿ ಸಿಕ್ಕಿಕೊಂಡಿತು. ಮರ ಸೀಳು ಎಂದರೆ ಬಡಗಿ ಒಲ್ಲೆ ಎಂದ, ಬಡಗಿಯನ್ನು ಶಿಕ್ಷಿಸು ಎಂದರೆ ರಾಜ ಒಲ್ಲೆ ಎಂದ, ರಾಜನನ್ನು ಕಚ್ಚು ಎಂದರೆ ಹಾವು ಒಲ್ಲೆ ಎಂದಿತು. ಕೋಲು, ಬೆಂಕಿ, ನೀರು ಎಲ್ಲ ಒಲ್ಲೆ ಎಂದವು. ನೀರನ್ನು ಕಲಕು ಎಂದು ಗುಬ್ಬಿ ಆನೆಯ ಹತ್ತಿರ ಹೋಗುವಷ್ಟರಲ್ಲಿ ಅವಳ ಕತ್ತು ನನ್ನ ತೋಳಿನ ಮೇಲೆ ವಾಲಿತ್ತು. ಮನೆಗೆ ಬಂದು ಮಲಗಿಸಿದೆವು.

ಬೆಳಗ್ಗೆ ಆರೂವರೆಗೆ ಯಾರೋ ನನ್ನ ಹೊದಿಕೆ ಎಳೆದರು. ಕಣ್ಣು ಬಿಟ್ಟರೆ ಮುಖದ ಹತ್ತಿರ ಮುಖ ತಂದು ನಿಂತಿದ್ದಾಳೆ.

"ಅಜ್ಜಿ, ಆನೆ ಹೂಂ ಅಂದಿತಾ?"